ಮಾರ್ಕೊನ ಪ್ರಶಸ್ತಿಗೆ ಏಳು ಸೇವಂತಿಗೆ

ತುಮಕೂರು, ಹೊರಡುವ ಮುನ್ನ

"ಯುದ್ಧ ನಡೀತಿರೋ ಊರಿಗೆ ಯಾರಾದ್ರೂ ಪ್ರೈಜ್ ಇಸ್ಕೊಳ್ಳಕ್ಕೆ ಹೋಗ್ತಾರೇನೇ? ನಿಂಗೇನ್ ತಲೆ ಕೆಟ್ಟೈತಾ?" ಎಂದು ನಮ್ಮ ಯಜಮಾನರು ಹಾರ್ಮೋನಿಯಂ ಪೆಟ್ಟಿಗೆಯನ್ನು ಧಡ್ಡನೆ ಮುಚ್ಚಿದರು. ಪೆಟ್ಟಿಗೆಯ ಮೇಲೆ ಅವರು ಸಿಟ್ಟು ತೋರಿಸುವುದು ವರ್ಷಕ್ಕೊಮ್ಮೆ ಮಾತ್ರ.

"ಪ್ರೈಜ್ ನಂದಲ್ಲ ರೀ, ಮಾರ್ಕೊಂದು. ಅವನಿಲ್ಲ ಅಂತ ನನ್ನ ಕರೆದವ್ರೆ" ಅಂದೆ.

"ಅವನಿಲ್ಲ ಅಂತ ಯಾರಂದ್ರು? ಕಾಣ್ತಿಲ್ಲ ಅಂತ ತಾನೇ ಬರೆದಿರೋದು?" ಎಂದರು. ಅಷ್ಟು ಹೇಳಿ ಎದ್ದುಹೋದರು. ಮಾರನೆಯ ದಿನ ಬಸ್ಸು ಹತ್ತಿ ಯಡಿಯೂರಿಗೆ ಹೋಗಿ, ಸಿದ್ಧಲಿಂಗೇಶ್ವರನ ಸನ್ನಿಧಿಯಿಂದ ಎರಡು ಪೊಟ್ಟಣ ವಿಭೂತಿ ತಂದು ನನ್ನ ಬ್ಯಾಗಿಗೆ ಹಾಕಿದರು. ಒಂದು ನನಗೆ, ಇನ್ನೊಂದು ಆ ಹುಡುಗನಿಗಂತೆ.

ನಾನು ಹುಟ್ಟಿದ್ದು ಗುಬ್ಬಿಯಲ್ಲಿ, ಸಂಸಾರ ತುಮಕೂರಿನಲ್ಲಿ, ಕೆಲಸ ಜಿಲ್ಲೆಯ ಹಳ್ಳಿಹಳ್ಳಿಯಲ್ಲಿ. ನಮ್ಮ ಸೀಮೆಯ ಊರುಗಳಲ್ಲಿ ಗಂಡಸರು ತಾವೇ ಬಣ್ಣ ಹಚ್ಚಿ ಪೌರಾಣಿಕ ನಾಟಕ ಆಡುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ನನ್ನಂಥವರನ್ನು ವೀಳ್ಯ ಕೊಟ್ಟು ಕರೆಸುತ್ತಾರೆ. ಮೂವತ್ತು ವರ್ಷದಿಂದ ನನ್ನ ಪಾತ್ರ ಹೆಚ್ಚುಕಡಿಮೆ ಒಂದೇ: ಯುದ್ಧದಲ್ಲಿ ಮಗನನ್ನು ಕಳೆದುಕೊಂಡು ಹೆಣದ ಮೇಲೆ ಬಿದ್ದು ಅಳುವ ತಾಯಿ. ಪಾರ್ವತಕ್ಕ ಅತ್ತರೆ ಬೇಸಾಯದ ಎತ್ತೂ ಅಳುತ್ತದೆ ಅನ್ನುತ್ತಾರೆ. ನಾಟಕ ಮುಗಿದ ಮೇಲೆ ಆ ಹೆಣ ಎದ್ದು, ಮೀಸೆ ಕಿತ್ತು, ನನ್ನ ಪಕ್ಕದಲ್ಲೇ ಕೂತು ಇಡ್ಲಿ ತಿನ್ನುತ್ತಿತ್ತು. ನನಗೆ ಗೊತ್ತಿದ್ದ ಯುದ್ಧ ಅಷ್ಟೇ.

ಮಾರ್ಕೊ ಉಕ್ರೇನಿನವನು. ಅವನ ದೇಶದಲ್ಲಿ ಯುದ್ಧ ಶುರುವಾಗುವ ಹಿಂದಿನ ಚಳಿಗಾಲ ಕ್ಯಾಮೆರಾ ಹಿಡಿದು ಬಂದು, ಒಂದೂವರೆ ತಿಂಗಳು ನನ್ನ ಬೆನ್ನು ಹತ್ತಿದ್ದ. ಹಾಗಲವಾಡಿಗೆ ಹೋದರೆ ಹಾಗಲವಾಡಿಗೆ, ಕುಣಿಗಲ್ಲಿಗೆ ಹೋದರೆ ಕುಣಿಗಲ್ಲಿಗೆ. ಮುದ್ದೆಯನ್ನು ನುಂಗದೆ ಅಗಿದು ಅಗಿದು ದವಡೆ ಹಿಡಿದುಕೊಂಡು ಕೂರುತ್ತಿದ್ದ. ಮಾರ್ಕೋನಹಳ್ಳಿ ಜಲಾಶಯದ ಬಳಿ ಊರಿನ ಬೋರ್ಡು ಕಂಡು, ಯಾರೋ ಅದನ್ನು ಓದಿ ಹೇಳಿದಾಗ, ರಸ್ತೆಯಲ್ಲೇ ಕುಣಿದುಬಿಟ್ಟ. "ಅಕ್ಕ, ನನ್ ಊರು! ನನ್ ಊರು!" ಎಂದು ಬೋರ್ಡನ್ನು ತಬ್ಬಿಕೊಂಡು ಫೋಟೋ ತೆಗೆಸಿ ಅಮ್ಮನಿಗೆ ಕಳಿಸಿದ.

ನನ್ನ ಮೇಲೆ ತೆಗೆದ ಆ ಸಣ್ಣ ಸಿನಿಮಾವನ್ನು ಅವನು ಯುದ್ಧದ ನಡುವೆಯೇ ಎಡಿಟ್ ಮಾಡಿದ. ಆಮೇಲೆ ಸೈನ್ಯಕ್ಕೆ ಹೋದ. ಎಂಟು ತಿಂಗಳಿಂದ ಅವನು ಕಾಣೆ. ಈಗ ಅವನ ದೇಶದ ಸಿನಿಮಾದವರು ಕೊಡುವ ಪ್ರಶಸ್ತಿ ಅದಕ್ಕೆ ಬಂದಿತ್ತು. ವೇದಿಕೆ ಹತ್ತಿ ತೆಗೆದುಕೊಳ್ಳಲು ನಾನು ಬರಬೇಕೆಂದು ಅವನ ತಾಯಿ ಹಟ ಹಿಡಿದಿದ್ದಳು. ಹೋಗದೆ ಹೇಗೆ ಇರಲಿ?

ಗಡಿಯ ರೈಲು

ಆ ದೇಶಕ್ಕೆ ಈಗ ವಿಮಾನವಿಲ್ಲ. ಪೋಲೆಂಡಿನಲ್ಲಿ ಇಳಿದು ರೈಲು ಹಿಡಿಯಬೇಕು. ನನ್ನ ಇಂಗ್ಲಿಷು ಬಸ್‌ಸ್ಟ್ಯಾಂಡ್ ಇಂಗ್ಲಿಷು, ಉಳಿದದ್ದಕ್ಕೆ ಫೋನು. ಅದರೊಳಗೆ ಮಾತಾಡಿದರೆ ಅವರ ಭಾಷೆಯಲ್ಲಿ ಬರೆದು ತೋರಿಸುತ್ತದೆ, ಅವರು ಮಾತಾಡಿದರೆ ಕನ್ನಡದಲ್ಲಿ. ಆದರೆ ಆ ಫೋನಿನ ಕನ್ನಡವೋ, ಹಳೇ ಕಾಲದ ರೇಡಿಯೋ ವಾರ್ತೆ. ಟೀ ಬೇಕಾ ಎಂದು ರೈಲಿನ ಹೆಂಗಸು ಕೇಳಿದ್ದು "ತಾವು ಚಹಾ ಸೇವಿಸಲು ಇಚ್ಛಿಸುವಿರಾ" ಎಂದು ಬಂತು. ನನ್ನ ಗಂಡ ಒಂದು ದಿನವಾದರೂ ಹಾಗೆ ಕೇಳಿದ್ದಾರಾ!

ಗಡಿಯಲ್ಲಿ ರೈಲು ನಿಂತುಬಿಟ್ಟಿತು. ಅಲ್ಲಿಂದಾಚೆ ಹಳಿ ಅಗಲವಂತೆ. ನಾವು ಒಳಗೆ ಕೂತಿದ್ದ ಹಾಗೆಯೇ ಡಬ್ಬಿಯನ್ನು ಮೇಲಕ್ಕೆತ್ತಿ ಕೆಳಗಿನ ಗಾಲಿಗಳನ್ನೇ ಬದಲಿಸಿದರು. ನಾನು ಚಿಕ್ಕವಳಿದ್ದಾಗ ಗುಬ್ಬಿಗೆ ಸಣ್ಣ ಹಳಿಯ ರೈಲು ಬರುತ್ತಿತ್ತು. ದೊಡ್ಡ ಹಳಿ ಹಾಕುವಾಗ ಊರಿಗೆ ಊರೇ ನೋಡಲು ಹೋಗಿತ್ತು. ಇಲ್ಲಿ ಯಾರೂ ಕಿಟಕಿಯಿಂದಲೂ ನೋಡಲಿಲ್ಲ. ಡಬ್ಬಿಯ ತುಂಬ ಹೆಂಗಸರು, ಮಕ್ಕಳು. ಹರೆಯದ ಗಂಡಸು ಒಬ್ಬನೂ ಇಲ್ಲ. ಎದುರಿನ ಅಜ್ಜಿ ನನ್ನ ಸೀರೆಯ ಸೆರಗನ್ನು ಬೆರಳಿನಿಂದ ಮುಟ್ಟಿ ನೋಡಿ, ಬ್ರೆಡ್ಡಿನ ಮೇಲೆ ಉಪ್ಪಿನಕಾಯಿಯ ಹಾಗೆ ನೆನೆಸಿದ ಸೌತೆಕಾಯಿ ಇಟ್ಟು ಕೊಟ್ಟಳು. ನಾನು ಚಕ್ಕುಲಿ ಕೊಟ್ಟೆ. ಅವಳಿಗೆ ಹಲ್ಲಿಲ್ಲ, ಚೀಪುತ್ತಾ ಕೂತಳು.

ಕೀವ್, ಮೊದಲ ದಿನ

ನಿಲ್ದಾಣಕ್ಕೆ ಬಂದಿದ್ದವಳು ಒಕ್ಸಾನಾ, ಪ್ರಶಸ್ತಿಯವರ ಕಡೆಯ ಹೆಂಗಸು, ಶಾಲೆಯಲ್ಲಿ ಇಂಗ್ಲಿಷ್ ಟೀಚರು. ನನ್ನ ಬ್ಯಾಗು ಹೊತ್ತು ದಾಪುಗಾಲು ಹಾಕಿದಳು. ಬೀದಿಯಲ್ಲಿ ಕಾಫಿ ಅಂಗಡಿ ತೆರೆದಿತ್ತು, ಬಸ್ಸು ಓಡುತ್ತಿತ್ತು, ಕಸ ಗುಡಿಸುತ್ತಿದ್ದರು. ಇದೇನು ಯುದ್ಧ, ನಮ್ಮ ಬಿ.ಎಚ್. ರಸ್ತೆಯಲ್ಲೇ ಇದಕ್ಕಿಂತ ಹೆಚ್ಚು ಧೂಳಿದೆ ಅಂದುಕೊಂಡೆ. ಒಂಬತ್ತು ಗಂಟೆ ಹೊಡೆಯಿತು. ಬೀದಿಯ ಜನವೆಲ್ಲ ಇದ್ದಲ್ಲೇ ನಿಂತರು. ಕಾರಿನವರು ಇಳಿದು ನಿಂತರು. ನನಗೇನು ಗೊತ್ತು? ನಾನೊಬ್ಬಳೇ ಚಪ್ಪಲಿ ಪಟಪಟ ಅನ್ನಿಸುತ್ತಾ ಹತ್ತು ಹೆಜ್ಜೆ ನಡೆದುಬಿಟ್ಟೆ. ತಿರುಗಿ ನೋಡಿದರೆ ಒಕ್ಸಾನಾ ತಲೆ ಬಗ್ಗಿಸಿ ನಿಂತಿದ್ದಾಳೆ. ದಿನಾ ಈ ಹೊತ್ತಿಗೆ ಸತ್ತವರಿಗಾಗಿ ಒಂದು ನಿಮಿಷ ನಿಲ್ಲುತ್ತಾರಂತೆ. ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮಾರ್ಕೊನ ತಾಯಿ ಹಲೀನಾಳ ಮನೆ ಒಂಬತ್ತನೇ ಮಹಡಿ. ಕರೆಂಟಿಲ್ಲ, ಲಿಫ್ಟಿಲ್ಲ. ಮಂಡಿ ಹಿಡಿದುಕೊಂಡು ಹತ್ತಿದೆ. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು, ತೆಳ್ಳಗೆ, ಬೆಳ್ಳಗೆ. ಬಾಗಿಲಲ್ಲೇ ತಬ್ಬಿಕೊಂಡಳು. ಅಡುಗೆಮನೆಯ ಗೋಡೆಯಲ್ಲಿ ಮಾರ್ಕೋನಹಳ್ಳಿಯ ಬೋರ್ಡು, ಅದನ್ನು ತಬ್ಬಿದ ಮಗ. ತನ್ನ ಮಗನ ಹೆಸರಿನ ಊರೊಂದು ನಮ್ಮ ದೇಶದಲ್ಲಿದೆ ಎಂದು ಆಕೆ ನಿಜವಾಗಿ ನಂಬಿದ್ದಳು. ಅಲ್ಲಿ ನೀರಿದೆಯೇ, ಜನ ಒಳ್ಳೆಯವರೇ ಎಂದು ಕೇಳಿದಳು. ನೀರು ಬೇಕಾದಷ್ಟಿದೆ ತಾಯಿ, ಜನ ಎಲ್ಲ ಕಡೆ ಇರೋ ಹಾಗೇ ಎಂದೆ.

ಕಾಣೆಯಾದ ಮಗನ ಮೊಬೈಲ್ ನಂಬರಿಗೆ ಹಲೀನಾ ಈಗಲೂ ಪ್ರತಿ ತಿಂಗಳೂ ಕರೆನ್ಸಿ ಹಾಕಿಸುತ್ತಾಳೆ. ನಂಬರು ಬೇರೆಯವರಿಗೆ ಹೋಗಬಾರದಲ್ಲ. ದಿನಾ ಬೆಳಿಗ್ಗೆ ಒಂದು ಸಲ ಅದಕ್ಕೆ ಫೋನ್ ಮಾಡುತ್ತಾಳೆ. ನನ್ನೆದುರಿಗೂ ಮಾಡಿದಳು. ಸ್ವಿಚ್ ಆಫ್ ಆಗಿದೆ ಎಂದು ಒಂದು ಹೆಣ್ಣು ದನಿ ಅವರ ಭಾಷೆಯಲ್ಲಿ ಹೇಳಿತು. ಭಾಷೆ ಬರದಿದ್ದರೂ ಆ ದನಿ ಏನು ಹೇಳುತ್ತದೆಂದು ಯಾರಿಗಾದರೂ ಗೊತ್ತಾಗುತ್ತದೆ.

ಆಮೇಲೆ ಅವಳು ನನ್ನ ಕೈ ಹಿಡಿದು ಫೋನಿನೊಳಗೆ ಮಾತಾಡಿದಳು. ಸತ್ತ ವಿಜೇತರಿಗೂ ಸಮಾರಂಭದಲ್ಲಿ ಕುರ್ಚಿ ಹಾಕುತ್ತಾರೆ, ಕುರ್ಚಿಯ ಮೇಲೆ ಫೋಟೋ ಇಡುತ್ತಾರೆ. ಮಾರ್ಕೊನ ಕುರ್ಚಿಗೂ ಫೋಟೋ ಇಡಲೇ ಎಂದು ಕೇಳಿದ್ದರಂತೆ. ಕೂಡದು ಎಂದು ಜಗಳವಾಡಿದ್ದಳು. "ಅವನು ಮೃತನೆಂದು ಯಾರೂ ತಿಳಿಸಿಲ್ಲ. ತಿಳಿಸುವವರೆಗೆ ಅವನು ಬದುಕಿದ್ದಾನೆ. ಬದುಕಿರುವವನ ಪ್ರಶಸ್ತಿಯಂತೆ ನೀವು ಸ್ವೀಕರಿಸಬೇಕು" ಎಂದು ಫೋನು ಹೇಳಿತು.

"ಆಯ್ತು ತಾಯಿ, ಹಂಗೇ ಇಸ್ಕೊಂತೀನಿ" ಎಂದು ಭಾಷೆ ಕೊಟ್ಟೆ. ಯಜಮಾನರು ಕೊಟ್ಟಿದ್ದ ವಿಭೂತಿಯನ್ನು ಅವಳ ಕೈಯಲ್ಲಿಟ್ಟೆ. ಮಗ ಬಂದ ಮೇಲೆ ಹಚ್ಚು ಎಂದು ಹಣೆ ತೋರಿಸಿದೆ. ಅವಳು ಅದನ್ನು ಸಕ್ಕರೆ ಡಬ್ಬಿಯ ಪಕ್ಕದಲ್ಲಿಟ್ಟಳು.

ಹೂವಿನಂಗಡಿ

ಮಾರನೆಯ ದಿನ ಮಧ್ಯಾಹ್ನ ಸಮಾರಂಭ. ಕತ್ತಲಾಗುವುದರೊಳಗೆ ಜನ ಮನೆ ಸೇರಬೇಕು, ಅದಕ್ಕೇ ಎಲ್ಲ ಹಗಲಲ್ಲೇ. ಬರಿಗೈಯಲ್ಲಿ ಹೇಗೆ ಹೋಗುವುದು? ವೇದಿಕೆಯಲ್ಲಿ ಹಲೀನಾಗೆ ಹೂ ಕೊಡೋಣ ಎಂದು ದಾರಿಯ ಅಂಗಡಿಗೆ ಹೋದೆ. ಒಕ್ಸಾನಾ ಏರ್ಪಾಟು ನೋಡಲು ಮುಂದೆ ಹೋಗಿದ್ದಳು.

ಗುಲಾಬಿ, ಹೆಸರು ಗೊತ್ತಿಲ್ಲದ ಇನ್ನೇನೇನೋ, ಅವುಗಳ ನಡುವೆ ಹಳದಿ ಸೇವಂತಿಗೆ! ನಮ್ಮ ಗುಬ್ಬಿ ಕಡೆಯ ಹೊಲದಲ್ಲಿ ಬೆಳೆಯುವ ಅದೇ ಸೇವಂತಿಗೆ. ತವರುಮನೆಯವರು ಸಿಕ್ಕಂತಾಯಿತು. ಅಂಗಡಿಯವಳು ಒಂದೊಂದೇ ಕಡ್ಡಿ ಎತ್ತಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಏಳು ಬೆರಳು ತೋರಿಸಿ ಸರಿಯೇ ಎಂದು ನನ್ನ ಮುಖ ನೋಡಿದಳು. ಅಬ್ಬಾ, ಎಂಥ ಜಿಪುಣಿ ಅಂದುಕೊಂಡೆ. ನಮ್ಮಲ್ಲಿ ಹೂವನ್ನು ಯಾರು ಎಣಿಸುತ್ತಾರೆ? ಮೊಳ ಹಾಕುತ್ತಾರೆ, ಮಾರು ಹಾಕುತ್ತಾರೆ, ಮೇಲೊಂದು ಹಿಡಿ ಕೊಸರು ಹಾಕುತ್ತಾರೆ.

ಸಮಾರಂಭದ ಬಾಗಿಲಿಗೆ ಬಂದೆ. ಗಾಜಿನಲ್ಲಿ ನನ್ನ ನೆರಳು ಕಂಡಿತು. ರೇಷ್ಮೆ ಸೀರೆ, ಕುಂಕುಮ, ತುರುಬು, ತುರುಬು ಬೋಳು. ಶುಭಕಾರ್ಯಕ್ಕೆ ಬೋಳು ತಲೆಯಲ್ಲಿ ಹೋಗಬಾರದು ಎಂದು ನಮ್ಮವ್ವ ಬಡಿದು ಕಲಿಸಿದ್ದಳು. ಇವತ್ತು ಬದುಕಿರುವವನ ಪ್ರಶಸ್ತಿ ಬೇರೆ. ಅವನ ಒಳ್ಳೆಯದಕ್ಕಾದರೂ ಒಂದು ಎಸಳು ತಲೆಯಲ್ಲಿರಲಿ ಎಂದುಕೊಂಡು, ಗೊಂಚಲಿನಿಂದ ಒಂದು ಸೇವಂತಿಗೆ ಚಿವುಟಿ ಮುಡಿದುಕೊಂಡೆ. ಮನಸ್ಸಿಗೆ ಎಷ್ಟೋ ಸಮಾಧಾನವಾಯಿತು.

ನೆಲಮಾಳಿಗೆಯ ಸಮಾರಂಭ

ಪ್ರಶಸ್ತಿ ಸಮಾರಂಭವೆಂದರೆ ನಾನು ಟೀವಿಯಲ್ಲಿ ನೋಡಿದ್ದು ಕೆಂಪು ಹಾಸು, ಬೆನ್ನು ಕಾಣುವ ಗೌನು. ಇದು ಒಂದು ಹಳೆಯ ನಾಟಕಶಾಲೆಯ ನೆಲಮಾಳಿಗೆ. ಮೇಲುಗಡೆ ಪೈಪುಗಳು, ಮೂಲೆಯಲ್ಲಿ ನೀರಿನ ಕ್ಯಾನುಗಳು. ಜನ ಕೋಟು ಹಾಕಿಕೊಂಡೇ ಕೂತಿದ್ದರು. ಕಾರ್ಯಕ್ರಮ ಶುರುವಾಗಿ ಹತ್ತು ನಿಮಿಷಕ್ಕೆ ಎಲ್ಲರ ಫೋನುಗಳೂ ಒಟ್ಟಿಗೆ ಅರಚಿಕೊಂಡವು: ದಾಳಿಯ ಎಚ್ಚರಿಕೆ. ನಾನು ಎದ್ದು ನಿಂತುಬಿಟ್ಟೆ. ಅವರು ಫೋನು ಬಾಯಿ ಮುಚ್ಚಿಸಿ, ಮತ್ತೆ ವೇದಿಕೆ ನೋಡಿದರು. ಓಡಿಹೋಗಿ ಅಡಗಬೇಕಾದ ಜಾಗದಲ್ಲೇ ಕೂತಿದ್ದೆವಲ್ಲ.

ಛಾಯಾಗ್ರಹಣಕ್ಕೆ ಗೆದ್ದವನಿಗೆ ಬಲಗೈ ಇರಲಿಲ್ಲ. ಎಡಗೈಯಲ್ಲಿ ತೆಗೆದುಕೊಂಡು ನಕ್ಕ. ಧ್ವನಿಗೆ ಗೆದ್ದ ಹುಡುಗಿ ತನ್ನ ಊರಿನ ಮನೆಗಳ ಬಾಗಿಲು ತೆರೆಯುವ ಸದ್ದು, ಕೊಳವೆಯಲ್ಲಿ ನೀರು ಬರುವ ಸದ್ದು ಹಿಡಿದಿಟ್ಟಿದ್ದಳಂತೆ. ಆ ಊರು ಈಗಿಲ್ಲ. ಸಂಕಲನಕ್ಕೆ ಗೆದ್ದವನು ಸೈನ್ಯದಿಂದ ಎರಡು ದಿನದ ರಜೆಯಲ್ಲಿ ಬಂದಿದ್ದ; ಹೆಸರು ಕರೆದಾಗ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ಪಕ್ಕದವರು ಎಬ್ಬಿಸಿದರೆ ಬೆಚ್ಚಿ ನೆಲಕ್ಕೆ ಬಗ್ಗಿದ. ಯಾರೂ ನಗಲಿಲ್ಲ. ಪ್ರಶಸ್ತಿಯೆಂದರೆ ಅಂಗೈಯಗಲದ ಮರದ ತುಂಡು, ಸುಟ್ಟುಹೋದ ಒಂದು ಚಿತ್ರಮಂದಿರದ ಕುರ್ಚಿಯದು.

ಬದುಕಿದ್ದವರ ಹೆಸರು ಕರೆದಾಗ ಸಭೆ ಕೂತು ಚಪ್ಪಾಳೆ ತಟ್ಟುತ್ತಿತ್ತು. ಸತ್ತವರ ಹೆಸರಿಗೆ ಎದ್ದು ಸುಮ್ಮನೆ ನಿಲ್ಲುತ್ತಿತ್ತು. ಹಾಗೆ ಎರಡು ಸಲ ನಿಂತೆವು. ಆಮೇಲೆ ಮಾರ್ಕೊನ ಹೆಸರು ಕರೆದರು.

ಸಭೆಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಒಂದಿಷ್ಟು ಜನ ಅರ್ಧ ಎದ್ದರು, ಎದ್ದವರು ಪಕ್ಕದವರನ್ನು ನೋಡಿ ಕೂತರು. ಯಾರೋ ಒಂದು ಚಪ್ಪಾಳೆ ತಟ್ಟಿ ಕೈ ಹಿಂದಕ್ಕೆಳೆದುಕೊಂಡರು. ಫೋಟೋ ಇಲ್ಲದ ಖಾಲಿ ಕುರ್ಚಿಯ ಪಕ್ಕದಲ್ಲಿ ಹಲೀನಾ ಬೆನ್ನು ನೆಟ್ಟಗೆ ಮಾಡಿ ಕೂತು, ಒಬ್ಬಳೇ ಜೋರಾಗಿ ಚಪ್ಪಾಳೆ ಹೊಡೆಯತೊಡಗಿದಳು. ನಾನೂ ಹೊಡೆದೆ. ನನ್ನ ಅಂಗೈ ಹಾರ್ಮೋನಿಯಂ ಮೇಷ್ಟ್ರ ಮನೆಯದು, ಸದ್ದು ಚೆನ್ನಾಗಿ ಬರುತ್ತದೆ. ಆಮೇಲೆ ಸಭೆಯೂ ಸೇರಿಕೊಂಡಿತು.

ಇಬ್ಬರೂ ವೇದಿಕೆ ಹತ್ತಿದೆವು. ಮರದ ತುಂಡನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ಆಮೇಲೆ ಸೇವಂತಿಗೆಯ ಗೊಂಚಲನ್ನು, ನಾಟಕದಲ್ಲಿ ರಾಣಿಗೆ ಕೊಡುವಂತೆ, ಎರಡು ಕೈಯಲ್ಲಿ ಬಾಗಿ ಹಲೀನಾಗೆ ಕೊಟ್ಟೆ.

ಚಪ್ಪಾಳೆ ನಿಂತುಹೋಯಿತು. ಹಲೀನಾ ಹೂಗಳನ್ನೇ ನೋಡಿದಳು. ಅವಳ ತುಟಿ ಅಲುಗಿತು. ಮುಖ ಒಂದು ಕ್ಷಣ ಸುಣ್ಣವಾಯಿತು. ಆಮೇಲೆ ಗೊಂಚಲಿನಿಂದ ಒಂದು ಹೂವನ್ನು ಎಳೆದು, ಕಡ್ಡಿ ಮುರಿದು, ನನ್ನ ಹತ್ತಿರ ಬಂದು, ನನ್ನ ತುರುಬಿನಲ್ಲಿದ್ದ ಹೂವಿನ ಪಕ್ಕಕ್ಕೇ ಸಿಕ್ಕಿಸಿದಳು. ಸಭೆ ಹುಚ್ಚೆದ್ದು ಚಪ್ಪಾಳೆ ಹೊಡೆಯಿತು.

ನಾನೇನು ಮಾಡಿದೆ ಗೊತ್ತೇ? ಪ್ರೀತಿಯಿಂದ ಮುಡಿಸಿದಳು ಎಂದು ಉಬ್ಬಿಹೋದೆ. ಹಾಗಲವಾಡಿಯ ಜನ ಒನ್ಸ್‌ಮೋರ್ ಎಂದಾಗ ಮಾಡುವಂತೆ ನಾಲ್ಕೂ ದಿಕ್ಕಿಗೆ ತಿರುಗಿ ಕೈ ಮುಗಿದೆ.

ಕೆಳಗಿಳಿದ ಮೇಲೆ ಮರದ ತುಂಡನ್ನು ಅವಳಿಗೆ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ನಿಮ್ಮ ಊರಲ್ಲೇ ಇರಲಿ, ಅವನೇ ಬಂದು ಕೇಳಿ ತೆಗೆದುಕೊಳ್ಳುತ್ತಾನೆ ಎಂದಳು.

ಮರಳುವ ನಿಲ್ದಾಣ

ರೈಲಿಗೆ ಬಿಡಲು ಬಂದ ಒಕ್ಸಾನಾ ಏನೋ ಹೇಳಲು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದಳು. ಕಡೆಗೆ ಫೋನಿನಲ್ಲಿ ಕೇಳಿದಳು: "ನೀವು ಆರು ಹೂವುಗಳನ್ನು ಏಕೆ ತಂದಿರಿ? ಅಂಗಡಿಯವರು ಎಚ್ಚರಿಸಲಿಲ್ಲವೇ?"

ಅವರ ದೇಶದಲ್ಲಿ ಬದುಕಿರುವವರಿಗೆ ಹೂ ಕೊಟ್ಟರೆ ಮೂರು, ಐದು, ಏಳು. ಎರಡು, ನಾಲ್ಕು, ಆರು ಕೊಡುವುದು ಸತ್ತವರಿಗೆ. ಮಕ್ಕಳಿಗೂ ಅದು ಗೊತ್ತು. ಯುದ್ಧ ಬಂದ ಮೇಲಂತೂ ಯಾರ ಕೈಯಲ್ಲಿ ಹೂ ಕಂಡರೂ ಕಣ್ಣು ತಾನಾಗಿ ಎಣಿಸುತ್ತದಂತೆ. ಅಂದು ಇಡೀ ಸಭೆ ಎಣಿಸಿತ್ತು.

"ನಾನು ಏಳೇ ತಂದಿದ್ದು ಕಣೇ!" ಎಂದು ಕಿರುಚಿದೆ. ಆಮೇಲೆ ನನ್ನ ಕೈ ತಾನಾಗಿ ತುರುಬಿಗೆ ಹೋಯಿತು. ಬಾಡಿದ ಎರಡು ಸೇವಂತಿಗೆಗಳು ಇನ್ನೂ ಅಲ್ಲೇ ಇದ್ದವು.

ಮುಯ್ಯಿ ಮಾಡುವಾಗ ನೂರಕ್ಕೆ ಒಂದು ಸೇರಿಸಿ ಕೊಡುವವರು ನಾವು. ಬರೀ ನೂರು ಕೊಟ್ಟರೆ ಅಪಶಕುನ ಎನ್ನುವವರು. ನನಗೆ ಅರ್ಥವಾಗದ್ದೇನೂ ಅದರಲ್ಲಿ ಇರಲಿಲ್ಲ. ಆ ತಾಯಿ ಒಂದು ಖಾಲಿ ಕುರ್ಚಿಗಾಗಿ ಎಲ್ಲರೊಂದಿಗೆ ಜಗಳವಾಡಿದ್ದಳು. ನಾನು ಏಳು ಸಮುದ್ರ ದಾಟಿ ಬಂದು, ರೇಷ್ಮೆ ಸೀರೆ ಉಟ್ಟು, ಎಲ್ಲರೆದುರಿಗೆ ಅವಳ ಕೈಯಲ್ಲಿ ಮಗನ ಸಾವನ್ನು ಇಟ್ಟಿದ್ದೆ. ಅವಳು ಒಂದು ಹೂ ತೆಗೆದು ಮಗನನ್ನು ವಾಪಸು ಬದುಕಿಸಿಕೊಂಡಿದ್ದಳು. ತೆಗೆದದ್ದನ್ನು ನನಗೆ ಬೇಸರವಾಗದ ಹಾಗೆ ನನ್ನ ತಲೆಗೇ ಮುಡಿಸಿದ್ದಳು. ರೈಲಿನುದ್ದಕ್ಕೂ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ತುಮಕೂರು

ಮನೆಗೆ ಬಂದು ಮರದ ತುಂಡನ್ನು ಹಾರ್ಮೋನಿಯಂ ಪೆಟ್ಟಿಗೆಯ ಮೇಲಿಟ್ಟೆ. ಹೂವಿನ ಸುದ್ದಿ ಕೇಳಿ ಯಜಮಾನರು, "ಹೂವಿಂದ ಯಾರೂ ಸಾಯಲ್ಲ ಬುಡೇ" ಎಂದರು. ಆದರೆ ಅವರೂ ಹೋಗಿ ಬರುವಾಗ ಆ ತುಂಡನ್ನು ಒಮ್ಮೆ ನೋಡುತ್ತಿದ್ದರು. ಅವನು ಬಂದರೆ ಮುದ್ದೆ ನುಂಗುವುದನ್ನು ಈ ಸಲ ಕಲಿಸೇ ಕಲಿಸುತ್ತೇನೆ ಎನ್ನುತ್ತಿದ್ದರು.

ಐದನೆಯ ವಾರ ಹಲೀನಾಳ ಸಂದೇಶ ಬಂತು. ಫೋನಿನ ಅದೇ ವಾರ್ತೆಯ ಕನ್ನಡ. "ಪ್ರೀತಿಯ ಪಾರ್ವತಿ ಅವರೇ, ಮಾರ್ಕೊ ದೊರೆತಿದ್ದಾನೆ." ಅಷ್ಟು ಓದಿದವಳೇ "ರೀ! ಸಿಕ್ಕವ್ನಂತೆ ರೀ!" ಎಂದು ಬೀದಿಗೆ ಕೇಳುವಂತೆ ಕೂಗಿದೆ. ಯಜಮಾನರು ಸ್ನಾನದಿಂದ ಒದ್ದೆ ಮೈಯಲ್ಲೇ ಓಡಿಬಂದರು. ಉಳಿದದ್ದನ್ನು ಅವರೇ ಓದಿದರು.

"ಡಿ.ಎನ್.ಎ. ಪರೀಕ್ಷೆಯಿಂದ ಖಚಿತವಾಗಿದೆ. ಕಾಣೆಯಾದ ದಿನವೇ ಅವನು ಮೃತನಾಗಿದ್ದನು. ಸಮಾರಂಭದ ದಿನ ಸರಿಯಾದ ಸಂಖ್ಯೆಯ ಹೂವುಗಳನ್ನು ತಂದವರು ನೀವೊಬ್ಬರೇ. ನಾನು ಒಂದನ್ನು ತೆಗೆದೆನು. ಗುರುವಾರ ಅವನನ್ನು ಮಣ್ಣು ಮಾಡುತ್ತೇವೆ. ಅಂದು ದಯವಿಟ್ಟು ಅವನ ಹೆಸರಿನ ಊರಿನಲ್ಲಿಯೂ ಆರು ಹೂವುಗಳನ್ನು ಇರಿಸಿರಿ."

ಮೂವತ್ತು ವರ್ಷ ಹೆಣದ ಮೇಲೆ ಬಿದ್ದು ಅತ್ತವಳಿಗೆ ಅಂದು ದನಿಯೇ ಹೊರಡಲಿಲ್ಲ. ಯಜಮಾನರು ಅತ್ತರು. ನಾನು ನೋಡುತ್ತಾ ಕೂತೆ.

ಗುರುವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹತ್ತಿರ ದಿನಾ ಹೂ ಕೊಡುವ ನಿಂಗಮ್ಮನ ಮುಂದೆ ನಿಂತೆ. ನನಗೆ ಹತ್ತು ವರ್ಷದ ಪರಿಚಯ.

"ಆರು ಸೇವಂತಿಗೆ ಕೊಡು ನಿಂಗಮ್ಮ."

"ಆರಾ? ಹೂವ ಯಾರಕ್ಕ ಎಣಿಸಿ ತಗಂತಾರೆ? ಒಂದ್ ಮೊಳ ತಗೊ."

"ಬಿಡಿ ಹೂವೇ ಬೇಕು. ಆರು."

ಗೊಣಗುತ್ತಾ ಎಲೆಯ ಮೇಲೆ ಆರು ಹೂ ಇಟ್ಟಳು. ಕಟ್ಟುವ ಮುಂಚೆ ಅಭ್ಯಾಸಬಲದಿಂದ ಬುಟ್ಟಿಗೆ ಕೈ ಹಾಕಿ, ದಪ್ಪದೊಂದು ಆರಿಸಿ ಮೇಲಿಟ್ಟಳು. "ಇದು ಕೊಸರು. ತಲೆ ಬೋಳಿಟ್ಕಂಡ್ ಬಂದಿದೀಯಲ್ಲಕ್ಕ, ಮುಡ್ಕೊ."

ಆ ಏಳನೆಯದನ್ನು ಎತ್ತಿ ಅವಳ ಬುಟ್ಟಿಗೇ ಹಾಕಿದೆ.

"ಯಾಕಕ್ಕ, ಕೋಪಾನಾ? ಕೊಸರು ಬ್ಯಾಡ ಅನ್ನೋರ್‌ನ ಇವತ್ತೇ ನೋಡಿದ್ದು" ಎಂದು ಅವಳು ನನ್ನ ಮುಖವನ್ನೇ ನೋಡಿದಳು.

"ಕೋಪ ಇಲ್ಲ ಕಣವ್ವ. ಆರೇ ಸಾಕು" ಎಂದು ಕುಣಿಗಲ್ ಬಸ್ಸು ಹತ್ತಿದೆ. ಅಲ್ಲಿಂದ ಮಾರ್ಕೋನಹಳ್ಳಿಗೆ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಮಡಿಲಿನ ಎಲೆ ಬಿಚ್ಚಿ ಮತ್ತೆ ಮತ್ತೆ ಎಣಿಸಿದೆ. ಆರೇ ಇದ್ದವು.